ಕೇಳುವ ಧರ್ಮ, ತಡೆಯುವ ಧರ್ಮ

ನಮ್ಮಲ್ಲಿ ಬೇಡದಿದ್ದರೂ ಧಾರಾಳವಾಗಿ ದೊರೆಯುವ ವಸ್ತುವೆಂದರೆ ಬುದ್ಧಿವಾದ. ಪರೀಕ್ಷೆಯಲ್ಲಿ ನಪಾಸಾದ ಹುಡುಗ, ಗಂಡನನ್ನು ಕಳೆದುಕೊಂಡ ಹೆಂಗಸು, ಕೆಲಸ ಹೋದ ಗೃಹಸ್ಥ, ಎಲ್ಲರಿಗೂ ಒಂದೇ ಕಷಾಯ: "ಧೈರ್ಯ ತಂದುಕೊಳ್ಳಿ, ಎಲ್ಲ ಸರಿಹೋಗುತ್ತೆ." ಹೇಳಿದವರಿಗೆ ಕರ್ತವ್ಯ ಮುಗಿಸಿದ ತೃಪ್ತಿ. ಕೇಳಿದವರಿಗೆ ಮಾತ್ರ, ತಮ್ಮ ದುಃಖವನ್ನು ಇನ್ನು ಇವರ ಮುಂದೆ ಬಾಯಿಬಿಟ್ಟು ಹೇಳುವಂತಿಲ್ಲವೆಂಬುದು ಖಚಿತವಾಗುತ್ತದೆ.

ನನ್ನ ತಮ್ಮನ ಮಗಳು ಆಪ್ತಸಲಹೆಯ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ಹೆಸರಿನಲ್ಲಿಯೇ ಸಲಹೆಯಿದ್ದರೂ ಅವಳಿಗೆ ಕಲಿಸಿದ ಮೊದಲ ಪಾಠ, ಸಲಹೆ ಕೊಡುವ ಅವಸರ ಬೇಡವೆಂಬುದು. ಈ ಪಾಠದ ಹಿಂದಿರುವ ದೊಡ್ಡ ಹೆಸರು ಅಮೆರಿಕದ ಕಾರ್ಲ್ ರೋಜರ್ಸ್‌ನದು. ನೆರವಾಗುವವನಲ್ಲಿ ಮುಖ್ಯವಾಗಿ ಮೂರು ಗುಣಗಳಿರಬೇಕೆಂದು ಆತ 1957ರ ಲೇಖನವೊಂದರಲ್ಲಿ ವಾದಿಸಿದ: ಒಳಗೊಂದು ಹೊರಗೊಂದು ಇಲ್ಲದ ನಡೆ, ಷರತ್ತು ಹಾಕದ ಆದರ, ಎದುರಿಗಿರುವವನ ಲೋಕವನ್ನು ಅವನ ಕಣ್ಣಿನಿಂದಲೇ ಕಾಣುವ ಶಕ್ತಿ. ಇಂಥ ಸಾನ್ನಿಧ್ಯ ದೊರೆತರೆ ಮನುಷ್ಯ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಾನೆಂಬುದು ಆತನ ನಂಬಿಕೆ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾ ಸಂಕಟದಲ್ಲಿರುವವರಿಗಾಗಿ ಟೆಲಿಫೋನು ಸೇವೆಯನ್ನು ತೆರೆದಾಗಲೂ ಇದೇ ಅನುಭವವಾಯಿತು. ಅವನಿಗಾಗಿ ಕಾದು ಕುಳಿತವರಿಗೆ ಚಹಾ ಕೊಟ್ಟು ಮಾತನಾಡಿಸುತ್ತಿದ್ದ ಸಾಮಾನ್ಯ ಸ್ವಯಂಸೇವಕರ ಬಳಿಯೇ ಎದೆಭಾರ ಇಳಿಸಿಕೊಂಡು ಎಷ್ಟೋ ಮಂದಿ ಹಿಂದಿರುಗುತ್ತಿದ್ದರಂತೆ.

ನಮಗಿದು ಹೊಸದೇನಲ್ಲ. ಗೀತೆಯ ಉಪದೇಶವನ್ನು ನೆನೆಯುವ ನಾವು ಅದರ ಮೊದಲ ಅಧ್ಯಾಯವನ್ನು ಮರೆಯುತ್ತೇವೆ. ಅಲ್ಲಿ ಅರ್ಜುನನ ಅಳಲೆಲ್ಲ ಹೊರಬರುವತನಕ ಕೃಷ್ಣ ಬಹುಮಟ್ಟಿಗೆ ಮೌನಿ. ಕಡೆಯಲ್ಲಿ ಕೂಡ ತೀರ್ಮಾನವನ್ನು ಅವನು ಅರ್ಜುನನಿಗೇ ಬಿಡುತ್ತಾನೆ.

ಆದರೆ ಈಚೆಗೆ ಹುಡುಗಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು: "ಅವರ ಬದುಕು ಅವರದು, ನೀನು ತೀರ್ಪು ಕೊಡಬೇಡ, ಗುಟ್ಟು ಕಾಪಾಡು ಅಂತ ಮೊದಲು ಕಲಿಸಿದರು. ಈಗ, ಜೀವಕ್ಕೆ ಅಪಾಯ ಅಂತ ಕಂಡರೆ ಒಂಟಿಯಾಗಿ ಬಿಡಬೇಡ, ಮನೆಯವರಿಗೆ ತಿಳಿಸು ಅಂತಾರೆ. ಯಾವುದು ಸರಿ, ದೊಡ್ಡಪ್ಪ?"

ಈ ಎರಡನೆಯ ಪಾಠಕ್ಕೂ ಒಂದು ಚರಿತ್ರೆಯಿದೆ. 1942ರ ನವೆಂಬರ್ 28ರ ರಾತ್ರಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿಹಾರಗೃಹಕ್ಕೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಕಂಡು ಮಾತನಾಡಿದ ಎರಿಕ್ ಲಿಂಡೆಮನ್ ಎಂಬ ವೈದ್ಯ 1944ರಲ್ಲಿ ತಾನು ಕಂಡದ್ದನ್ನು ಬರೆದ. ಅದರಲ್ಲಿ ಒಬ್ಬ ತರುಣನ ವಿಷಯ ಬರುತ್ತದೆ. ಹೆಂಡತಿಯನ್ನು ಹೊರಗೆಳೆಯಲು ಹೋಗಿ ಅವನೇ ಮೂರ್ಛೆಬಿದ್ದ, ಅವಳು ಉಳಿಯಲಿಲ್ಲ. ಮೈಯ ಸುಟ್ಟಗಾಯ ಅಲ್ಪವಾದದ್ದರಿಂದ ಚೇತರಿಸಿಕೊಂಡನೆಂದು ಮನೆಗೆ ಕಳಿಸಿದರು. ತಾನು ಉಳಿಸಬಹುದಾಗಿತ್ತೆಂಬ ಪಾಪಪ್ರಜ್ಞೆ ಮಾತ್ರ ಮಾಯಲಿಲ್ಲ. ಮತ್ತೆ ಆಸ್ಪತ್ರೆಗೆ ಬಂದವನು ಕಾವಲಿದ್ದರೂ ಪ್ರಾಣ ಕಳೆದುಕೊಂಡ. ಹೊರಗಿನ ಗಾಯವನ್ನು ಕಂಡು ಒಳಗಿನದನ್ನು ಅಳೆಯಬಾರದು. ಕಾವಲೊಂದೇ ಯಾರನ್ನೂ ಉಳಿಸಲಾರದು.

ಲಿಂಡೆಮನ್‌ನ ವಿಚಾರವನ್ನು ಮುಂದುವರಿಸಿದ ಜೆರಾಲ್ಡ್ ಕ್ಯಾಪ್ಲನ್, ಇಂಥ ಸಂಕಟಸ್ಥಿತಿ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಇರುತ್ತದೆಂದ. ನನಗೆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿ ಕಾಣುತ್ತದೆ. ಒಬ್ಬನ ಆಯ್ಕೆಯನ್ನು ಗೌರವಿಸಬೇಕು, ನಿಜ. ಆದರೆ ಆಯ್ಕೆ ಎನ್ನಬೇಕಾದರೆ ಎರಡು ಬಾಗಿಲುಗಳಾದರೂ ಕಾಣಬೇಡವೆ? ಸಂಕಟ ಗಂಟಲಿಗೆ ಬಂದವನಿಗೆ ಕಾಣುವುದು ಒಂದೇ. ಉಳಿದವು ಕತ್ತಲಲ್ಲಿರುತ್ತವೆ. ಬೆಳಕಾಗುವವರೆಗೆ ಅವನ ಕೈ ಹಿಡಿದು ನಿಲ್ಲಿಸಿಕೊಂಡರೆ ಅವನ ಸ್ವಾತಂತ್ರ್ಯವನ್ನು ಕಸಿದಂತಾಗಲಿಲ್ಲ. ಅವನ ಪರವಾಗಿ ಕಾದಿಟ್ಟಂತಾಯಿತು.

ಈ ವಾದವನ್ನು ಹಿಡಿದು ಕಂಡವರ ಬಾಳಿನಲ್ಲೆಲ್ಲ ಕೈಹಾಕಬಹುದಲ್ಲವೆ ಎಂದು ಓದುಗರು ಕೇಳಬಹುದು. ಆ ಭಯ ನ್ಯಾಯವಾದದ್ದೇ. ಮಗ ಏನು ಓದಬೇಕು, ಮಗಳು ಯಾರ ಕೈಹಿಡಿಯಬೇಕು ಎಂಬುವು ಜೀವಾಪಾಯದ ಪ್ರಶ್ನೆಗಳಲ್ಲ. ಅಲ್ಲಿ ಮೊದಲ ಪಾಠವೇ ನಿಲ್ಲಬೇಕು. ಜೀವಾಪಾಯವಿದ್ದಾಗ ಕೂಡ ಬೇಕಾದಷ್ಟು ಮಾತ್ರ, ಬೇಕಾದಷ್ಟು ದಿನ ಮಾತ್ರ ತಡೆಯಬೇಕು. ಗುಟ್ಟನ್ನು ಇನ್ನೊಬ್ಬರಿಗೆ ತಿಳಿಸಲೇಬೇಕಾದರೆ, ಸಾಧ್ಯವಾದಮಟ್ಟಿಗೆ ಅದನ್ನು ಅವನಿಗೆ ಹೇಳಿಯೇ ತಿಳಿಸಬೇಕು. ಬೆನ್ನ ಹಿಂದೆ ಮಾಡಿದ ಉಪಕಾರ ನಂಬಿಕೆಯನ್ನು ಕೊಲ್ಲುತ್ತದೆ.

ಇನ್ನೊಂದು ಹಳೆಯ ಅಂಜಿಕೆಯಿದೆ: "ಸಾಯಬೇಕು ಅನ್ನಿಸುತ್ತಿದೆಯೆ?" ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾಗದೆ? ಆಗುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಮೃದುವಾಗಿ, ನೇರವಾಗಿ ಕೇಳಿದಾಗ ಎಷ್ಟೋ ಜನರಿಗೆ ಹಗುರವೆನಿಸುತ್ತದೆ. ಆಡಲಾರದ ಮಾತನ್ನು ಬೇರೊಬ್ಬರು ಹೆದರದೆ ಆಡಿದರಲ್ಲ! ನಮ್ಮ ಕಾನೂನು ಕೂಡ ಮೆದುವಾಗಿದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಆಧಾರವಾಗಿ ನಿಂತಿದೆ. 14416ಕ್ಕೆ ಹಗಲಿರುಳೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಆದರೆ ಆ ಸಂಖ್ಯೆಯನ್ನು ಒತ್ತುವ ಮೊದಲು ಬಹುಮಂದಿ ಮನೆಯಲ್ಲಿ ಯಾರಾದರೊಬ್ಬರ ಮುಖ ನೋಡಿರುತ್ತಾರೆ. ಆ ಹೊತ್ತಿಗೆ ನಾವು ಬುದ್ಧಿವಾದದ ಗಂಟನ್ನು ಕಟ್ಟಿಟ್ಟು, ಒಂದು ಲೋಟ ಕಾಫಿ ಕೊಟ್ಟು, "ಹೇಳು, ಕೇಳ್ತೀನಿ" ಎಂದು ಎದುರಿಗೆ ಕುಳಿತರೆ ಸಾಕು. ಅದಕ್ಕೆ ಯಾವ ಪದವಿಯೂ ಬೇಕಿಲ್ಲ.