ಗೆರೆಯ ಋಣ

ಪೆನ್ಸಿಲ್ ಗೆರೆ ತಪ್ಪಿದರೆ ಒರೆಸಲು ರಬ್ಬರಿದೆ. ಪೆನ್ನಿನ ಗೆರೆಗೆ ಆ ಅನುಕೂಲವಿಲ್ಲ. ಎಳೆದದ್ದು ಎಳೆದ ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲ ಸಲ ಪೆನ್ನಿನಲ್ಲಿ ಚಿತ್ರ ಬರೆಯಲು ಕೂತ ಮಕ್ಕಳ ಕೈ ನಡುಗುತ್ತದೆ. ಈ ಸೀಮೆಯ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಆಯಸ್ಸಿನ ಹೆಚ್ಚಿನ ಭಾಗ ಕಳೆದ ನನಗೆ ಆ ನಡುಕ ಹೊಸದಲ್ಲ. ಆದರೆ ಕೈ ಪಳಗಿದ ಮೇಲೂ ಇನ್ನೊಂದು ನಡುಕ ಬರುತ್ತದೆ ಎಂಬುದು ಹೋದ ಬೇಸಿಗೆಯಲ್ಲಿ ತಿಳಿಯಿತು.

ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಊರಿಗೆ ಬಂದವಳು ತರೀಕೆರೆಯ ನಮ್ಮ ಮನೆಗೂ ಬಂದಿದ್ದಳು. ಅಜ್ಜಂಪುರದ ಕಡೆಯ ಹಳ್ಳಿಯವಳು. ಈಗ ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಚೀಲದಿಂದ ಐದು ಸ್ಕೆಚ್ ಪುಸ್ತಕ ತೆಗೆದು ಮುಂದಿಟ್ಟಳು. ಎಲ್ಲವೂ ಪೆನ್ನಿನ ಕೆಲಸ. ಮೊದಲನೆಯದರಲ್ಲಿ ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅವರು ಪತ್ರಿಕೆಯ ಕಥೆಗಳಿಗೆ ಬರೆದ ಚಿತ್ರಗಳ ನಕಲು; ಅಜ್ಜ ಅಟ್ಟದ ಮೇಲೆ ಕಟ್ಟಿಟ್ಟಿದ್ದ ಹಳೆಯ ಸಂಚಿಕೆಗಳನ್ನು ನೋಡಿ ಬರೆದದ್ದು. ಎರಡನೆಯದರಲ್ಲಿ ಕೆ.ಕೆ. ಹೆಬ್ಬಾರರ ಕುಣಿಯುವ ಗೆರೆ. ಮೂರನೆಯದರಲ್ಲಿ ಜಪಾನಿನ ಮಾಂಗಾ. ನಾಲ್ಕನೆಯದರಲ್ಲಿ ಜರ್ಮನಿಯ ಡ್ಯೂರರ್. ಐದನೆಯದು ಮುಕ್ಕಾಲು ಪಾಲು ಖಾಲಿ.

"ಎಲ್ಲಾ ಇನ್ನೊಬ್ಬರ ಕೈಯೇ ಸರ್. ನಿನ್ನ ಸ್ಟೈಲ್ ಯಾವುದು ಅಂತ ಕಾಲೇಜಲ್ಲಿ ಕೇಳ್ತಾರೆ. ಪೆನ್ನು ಹಿಡಿದ್ರೆ ಮತ್ತೆ ಯಾರದೋ ಗೆರೆ ಬರುತ್ತೆ ಅಂತ ಭಯ. ಆರು ತಿಂಗಳಾಯ್ತು, ಏನೂ ಬರೆದಿಲ್ಲ" ಎಂದಳು.

ಅವಳ ಮಾತು ಕೇಳುತ್ತಿದ್ದಂತೆ ನನಗೆ ಬೇರೊಬ್ಬ ಹುಡುಗ ನೆನಪಾದ. ನಾನು ಕೆಲಸಕ್ಕೆ ಸೇರಿದ ಹೊಸತು. ಎಂಟನೇ ತರಗತಿಯ ಹುಡುಗನೊಬ್ಬ ಇಂಡಿಯನ್ ಇಂಕಿನಲ್ಲಿ ಸರಸ್ವತಿಯನ್ನು ಬರೆದು ತಂದಿದ್ದ. ವೀಣೆಯ ತಂತಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದು ಕ್ಯಾಲೆಂಡರ್ ಚಿತ್ರದ ನಕಲು ಎಂದು ಗೊತ್ತಾಗಿದ್ದೇ ತಡ, "ಕಾಪಿ ಹೊಡೆದದ್ದನ್ನು ನನಗೆ ತೋರಿಸಬೇಡ" ಎಂದು ಇಡೀ ತರಗತಿಯ ಮುಂದೆ ಹಾಳೆಯನ್ನು ಎಸೆದೆ. ಅವನು ಮತ್ತೆ ಚಿತ್ರ ಬರೆಯಲಿಲ್ಲ. ಈಗ ಕಡೂರಿನಲ್ಲಿ ಅಂಗಡಿ ಇಟ್ಟಿದ್ದಾನೆ. ಕಂಡಾಗ "ಬನ್ನಿ ಸರ್" ಎಂದು ಸ್ಟೂಲು ಹಾಕುತ್ತಾನೆ, ಕಾಫಿ ತರಿಸುತ್ತಾನೆ. ಚಿತ್ರದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಅವನ ಕೈಯಿಂದ ಪೆನ್ನು ಕಿತ್ತುಕೊಂಡವನು ನಾನು. ಇವಳ ಕೈಯಿಂದಲೂ ಅದು ಜಾರುವುದನ್ನು ನೋಡಿಕೊಂಡು ಕೂರಲಾಗಲಿಲ್ಲ. ಮರುದಿನ ಬೆಳಗ್ಗೆ ಇಬ್ಬರೂ ಅಮೃತಾಪುರಕ್ಕೆ ಹೋದೆವು.

ಅಲ್ಲಿನ ಅಮೃತೇಶ್ವರ ದೇವಾಲಯವನ್ನು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಬಳಪದ ಕಲ್ಲಿನ ಗುಡಿ. ತೆರೆದ ಮಂಟಪದ ಗಿಡ್ಡ ಗೋಡೆಯ ಹೊರಮೈ ತುಂಬ ಕಥೆ ಕೆತ್ತಿದ್ದಾರೆ: ದಕ್ಷಿಣಕ್ಕೆ ರಾಮಾಯಣದ 70 ಫಲಕ, ಉತ್ತರಕ್ಕೆ ಕೃಷ್ಣನ ಕಥೆಯ 25, ಮಹಾಭಾರತದ 45. ಬಾಗಿಲ ಬಳಿ ನಿಂತ ದೊಡ್ಡ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಒಳಗೆ ಹೋಗಿ ತಲೆಯೆತ್ತಿದರೆ ಪದರದೊಳಗೆ ಪದರವಾಗಿ ಮೇಲೇರುವ ಭುವನೇಶ್ವರಿಗಳು, ಅಂದರೆ ಚಾವಣಿಯ ಕೆತ್ತನೆಗಳು.

ಅವುಗಳ ಕೆಳಗೆ ನಿಂತು ಅವಳಿಗೆ ಮಲ್ಲಿತಮ್ಮನ ವಿಷಯ ಹೇಳಿದೆ. ಹೊಯ್ಸಳರ ಹೆಸರಾಂತ ರೂವಾರಿ ಮಲ್ಲಿತಮ್ಮನ ಕೆಲಸ ಮೊದಲು ಕಾಣಿಸುವುದು ಇಲ್ಲೇ, ಈ ಭುವನೇಶ್ವರಿಗಳಲ್ಲೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ ನುಗ್ಗೇಹಳ್ಳಿಯಲ್ಲಿ ಬೈಚೋಜನ ಜೊತೆ ಅವನ ಹೆಸರು ಬರುತ್ತದೆ. 1258ರ ಸೋಮನಾಥಪುರದಲ್ಲಿ ಎಷ್ಟೋ ವಿಗ್ರಹಗಳ ಬುಡದಲ್ಲಿ ಅವನ ಸಹಿ ಇದೆ. ಇಲ್ಲಿಂದ ಅಲ್ಲಿಗೆ ಅರವತ್ತಕ್ಕೂ ಹೆಚ್ಚು ವರ್ಷದ ಉಳಿಯ ಕೆಲಸ. ಭುವನೇಶ್ವರಿಯೆಂದರೆ ಅಳತೆಯ ಕೆಲಸ. ಎಲ್ಲಿ ಹೂವು, ಎಲ್ಲಿ ಬಳ್ಳಿ, ಎಷ್ಟು ಆಳ ಎಂಬುದಕ್ಕೆ ಲೆಕ್ಕವಿರುತ್ತದೆ. ಹಿರಿಯರು ಹಾಕಿಕೊಟ್ಟ ಗೆರೆಯ ಮೇಲೆ ಉಳಿ ನಡೆಸುವುದೇ ಕಿರಿಯನ ಪಾಲು. ಹುಡುಗ ಮಲ್ಲಿತಮ್ಮ ಶೈಲಿ ಹುಡುಕಿಕೊಂಡು ಅಮೃತಾಪುರಕ್ಕೆ ಬಂದಿರಲಾರ. ಕೆಲಸ ಹುಡುಕಿಕೊಂಡು ಬಂದ. ಕೆಲಸವೇ ಅವನಿಗೆ ಶೈಲಿ ಕೊಟ್ಟಿತು.

"ಅವರೆಲ್ಲ ಆ ಕಾಲದವರು ಸರ್" ಎಂದಳು ಅವಳು. ಸರಿ, ನಮ್ಮ ಕಾಲದವರನ್ನೇ ನೋಡೋಣ ಎಂದೆ.

1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅಕ್ಷರ ಕಲಿಯುವ ಮೊದಲೇ ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಿಗೆ ಮನಸೋತವರು. ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಗೆರೆ ಎಷ್ಟು ಹಿಡಿಸಿತ್ತೆಂದರೆ, ಆ ಸಹಿಯನ್ನು ಬಹಳ ಕಾಲ 'ಕೌ' ಎಂದು ತಪ್ಪಾಗಿ ಓದಿಕೊಂಡೇ ಅವರ ಚಿತ್ರಗಳನ್ನು ಹಿಂಬಾಲಿಸಿದರು. ಶಾಲೆಯಲ್ಲಿ ಅವರು ಬರೆದ ಒಂದು ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿಕೊಂಡರು. ನೀನು ಚಿತ್ರಕಾರನಾಗುತ್ತೀಯ ಎಂಬ ಆ ಒಂದು ಮಾತು ಹುಡುಗನೊಳಗೆ ಬೇರು ಬಿಟ್ಟಿತು. ಕಿಟಕಿಯ ಆಚೆ ಕಂಡ ಒಣಗಿದ ಎಲೆ, ಕಡ್ಡಿ, ಸೌದೆ ಒಡೆಯುವ ಆಳು, ಸೂರಿನ ಮೇಲಿನ ಕಾಗೆ, ಎಲ್ಲವನ್ನೂ ಬರೆದರು. ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಅವರು ಬರೆಯುವುದನ್ನು ಬಿಡಲಿಲ್ಲ. ನಮ್ಮ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದರು. ಲೋ ಇಲ್ಲದೆ ಲಕ್ಷ್ಮಣ್ ಇಲ್ಲ, ನಿಜ. ಆದರೆ ಮೈಸೂರಿನ ಆ ಸೂರಿನ ಮೇಲಿನ ಕಾಗೆಯನ್ನು ಲೋ ನೋಡಿರಲಿಲ್ಲ. ಗೆರೆ ಎರವಲು ಬರಬಹುದು. ಕಾಗೆಯನ್ನು ಮಾತ್ರ ನಾವೇ ನೋಡಬೇಕು.

ಕಟ್ಟಿಂಗೇರಿಯ ಹೆಬ್ಬಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೆರೆಗೆ ಲಯ ಬೇಕೆಂದು ಕಥಕ್ ನೃತ್ಯವನ್ನೇ ಕಲಿತರು. ಇವಳು ಅವರ ಗೆರೆಯನ್ನು ನಕಲು ಮಾಡಿದ್ದಳು. ಆ ಗೆರೆ ಹುಟ್ಟುವ ಮೊದಲು ಮೈ ಪಟ್ಟ ಪಾಡು ನಕಲಿಗೆ ಸಿಗುವಂಥದ್ದಲ್ಲ.

ನೋಡದೆ ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ಅವಳ ನಾಲ್ಕನೆಯ ಪುಸ್ತಕದಲ್ಲೇ ಇತ್ತು. 1515ರಲ್ಲಿ ನಮ್ಮ ಗುಜರಾತಿನಿಂದ ಒಂದು ಘೇಂಡಾಮೃಗ ಹಡಗಿನಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹೋಯಿತು. ನ್ಯೂರೆಂಬರ್ಗಿನಲ್ಲಿದ್ದ ಡ್ಯೂರರ್ ಅದನ್ನು ಕಾಣಲೇ ಇಲ್ಲ. ಯಾರೋ ಕಳಿಸಿದ ಒಕ್ಕಣೆ ಮತ್ತು ಒಂದು ರೇಖಾಚಿತ್ರ ನೋಡಿ ಅದರ ಚಿತ್ರ ಬರೆದು, ಮರದ ಅಚ್ಚಿನಲ್ಲಿ ಮುದ್ರಿಸಿದ. ಚರ್ಮ ಕಬ್ಬಿಣದ ಕವಚದಂತಾಯಿತು. ಬೆನ್ನ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು ಮೂಡಿತು. ಗೆರೆಗಳ ನೇಯ್ಗೆ ಎಷ್ಟು ಸೊಗಸಾಗಿತ್ತೆಂದರೆ ಯೂರೋಪಿನವರು ಇನ್ನೂರಕ್ಕೂ ಹೆಚ್ಚು ವರ್ಷ ಅದನ್ನೇ ನೋಡಿ ನೋಡಿ ಬರೆದರು, ಇಲ್ಲದ ಆ ಕೊಂಬನ್ನೂ ಸೇರಿಸಿ. ಮಹಾ ಕಲಾವಿದನ ಪ್ರಭಾವಕ್ಕೆ ಬಿದ್ದವರು ಅವನ ತಪ್ಪಿಗೂ ವಾರಸುದಾರರಾದರು. ಇವಳ ಪುಟದಲ್ಲೂ ಆ ಕೊಂಬಿತ್ತು. ಅದನ್ನು ತೋರಿಸಿದಾಗ ಸುಮ್ಮನೆ ನೋಡುತ್ತ ಕೂತಳು.

"ನಿಮ್ಮೂರಲ್ಲಿ ಕೊಂಬಿಗೇನು ಬರವೇನಮ್ಮ?" ಎಂದೆ.

ಅಜ್ಜಂಪುರವೆಂದರೆ ಅಮೃತ್ ಮಹಲ್ ದನಗಳ ಊರು. ಮೈಸೂರು ಅರಸರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯ ಕಾಲದಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆದು, ಸೈನ್ಯದ ಸರಕನ್ನು ಎಳೆದ ತಳಿ. ಅದರ ಸಂವರ್ಧನಾ ಕೇಂದ್ರ ಇವತ್ತಿಗೂ ಅಲ್ಲಿದೆ. ಆ ದನದ ಕೊಂಬುಗಳು ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆದ್ದು ಕಪ್ಪು ಮೊನೆಯಲ್ಲಿ ಮುಗಿಯುತ್ತವೆ. ಪೆನ್ನು ಹಿಡಿದವರಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ?

ಹದಿನೈದು ದಿನ ಬಿಟ್ಟು ಬಂದಳು. ಐದನೆಯ ಪುಸ್ತಕದ ಖಾಲಿ ಹಾಳೆಗಳು ತುಂಬಿದ್ದವು, ಎಲ್ಲಾ ಕೊಂಬು. ಮೊದಲ ಹಾಳೆಗಳಲ್ಲಿ ಡ್ಯೂರರ್‌ನ ಹಾಗೆ ಗೆರೆಯ ಮೇಲೆ ಅಡ್ಡಗೆರೆ ಹಾಕಿದ್ದಳು. ಕೊಂಬು ಕಬ್ಬಿಣದ ಪೈಪಿನಂತೆ ಕಾಣುತ್ತಿತ್ತು. ಆಮೇಲೆ ಬರೀ ಚುಕ್ಕೆಯಲ್ಲಿ ಯತ್ನಿಸಿದ್ದಳು. ಅದು ಮೆತ್ತಗಾಗಿ ಬಾಳೆದಿಂಡಿನಂತಾಗಿತ್ತು. ಹತ್ತಿಪ್ಪತ್ತು ಹಾಳೆ ಕಳೆದ ಮೇಲೆ ಕೊಂಬಿನ ಬುಡದ ಉಂಗುರಗಳು ಅವಳ ಕಣ್ಣಿಗೆ ಬಿದ್ದಿವೆ. ಅಲ್ಲಿಂದ ಮುಂದೆ ಗೆರೆಗಳು ಆ ಉಂಗುರದ ಸುತ್ತನ್ನೇ ಹಿಡಿದು ಬಾಗುತ್ತವೆ. ಬುಡದಲ್ಲಿ ಬಿಡಿಬಿಡಿ, ಮೇಲೆ ಹೋದಂತೆ ಒತ್ತೊತ್ತು, ಮೊನೆಯಲ್ಲಿ ಗೆರೆಗೆ ಗೆರೆ ಕೂಡಿ ಪೂರ್ತಿ ಕಪ್ಪು. ಬಿಸಿಲು ಬಿದ್ದ ಕಡೆ ಒಂದು ಎಳೆಯಷ್ಟು ಕಾಗದ ಖಾಲಿ. 0.1 ಮಿ.ಮೀ. ಮೊನೆಯ ಪೆನ್ನಿನಲ್ಲಿ ಒಂದೊಂದು ಕೊಂಬಿಗೆ ಎರಡು ಗಂಟೆ ಹಿಡಿಯಿತಂತೆ.

ಕೊನೆಯ ಹಾಳೆಯನ್ನು ನಾನು ಬಹಳ ಹೊತ್ತು ನೋಡಿದೆ. ಉದ್ದದ ಆ ಬಾಗಿನಲ್ಲಿ ಹೆಬ್ಬಾರರಿದ್ದರು. ಕಪ್ಪನ್ನು ಒಂದೆಡೆ ಕೂಡಿಸುವ ಧೈರ್ಯ ಹಳೆಯ ಕಥಾಚಿತ್ರಗಳಿಂದ ಬಂದದ್ದು. ಖಾಲಿ ಬಿಡುವ ಜಾಣ್ಮೆ ಮಾಂಗಾದ್ದು. ಇಷ್ಟು ಜನ ಇದ್ದೂ ಆ ಕೊಂಬು ಅವಳದೇ, ಆ ದನದ್ದೇ. "ಇದನ್ನು ಬರೆಯುವಾಗ ಸ್ಟೈಲ್ ನೆನಪಾಯಿತಾ?" ಎಂದು ಕೇಳಿದೆ. "ದನ ತಲೆ ಅಲ್ಲಾಡಿಸದೆ ಇದ್ರೆ ಸಾಕು ಅಂತಿತ್ತು ಸರ್" ಎಂದಳು.

ಪ್ರಭಾವವೆಂಬುದು ಸಾಲ. ಸಾಲ ಮಾಡದೆ ಯಾರೂ ಚಿತ್ರ ಕಲಿತಿಲ್ಲ. ಅದರಲ್ಲಿ ಅವಮಾನವೇನೂ ಇಲ್ಲ. ಮುಚ್ಚಿಡುವುದು ತಪ್ಪು, ತೀರಿಸದೆ ಇರುವುದು ತಪ್ಪು. ತೀರಿಸುವ ಬಗೆ ಎರಡು: ಕಲಿತ ಗೆರೆಯಿಂದ ಕಣ್ಣೆದುರಿನ ವಸ್ತುವಿಗೆ ನ್ಯಾಯ ಸಲ್ಲಿಸುವುದು, ಕಲಿಸಿದವರ ಹೆಸರು ಹೇಳುವುದು.

ಹೆಸರು ಹೇಳುವುದು ಸಣ್ಣ ವಿಷಯವಲ್ಲ. 1845ರ ಹೊತ್ತಿಗೆ ನೆರೆಯ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯರಿದ್ದರು. ದಿನಕ್ಕೊಂದು ಗಿಡ ತರಿಸಿ ಮರಾಠಿ ಚಿತ್ರಕಾರನೊಬ್ಬನಿಂದ ಅದರ ಚಿತ್ರ ಬರೆಸುತ್ತಿದ್ದರು. ಆ ಚಿತ್ರಗಳು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಇವತ್ತಿಗೂ ಇವೆ. ನಮ್ಮ ಮಲೆನಾಡಿನ ಎಲೆ, ಹೂವು, ಕಾಯಿಗಳನ್ನು ದಿನವೂ ಕೂತು ನೋಡಿದ ಆ ಮನುಷ್ಯನ ಹೆಸರು ಮಾತ್ರ ಉಳಿದಿಲ್ಲ. ಅದೇ ಕಾಲದಲ್ಲಿ ಮದರಾಸಿನ ಕಡೆ ರಾಬರ್ಟ್ ವೈಟ್ ಎಂಬ ಸಸ್ಯವಿಜ್ಞಾನಿ ತಮ್ಮ ಚಿತ್ರಕಾರರಾದ ರಂಗಯ್ಯ, ಗೋವಿಂದು ಅವರ ಹೆಸರು ಉಳಿಸಿದರು. ಆರ್ಕಿಡ್‌ಗಳ ಒಂದು ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟರು. ಮಲ್ಲಿತಮ್ಮನಂತೂ ತನ್ನ ಹೆಸರನ್ನು ತಾನೇ ಕಲ್ಲಿನಲ್ಲಿ ಕೊರೆದ. ಉಳಿಸಿದರೆ ಹೆಸರು ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ.

ಹೋದ ತಿಂಗಳು ಕಡೂರಿಗೆ ಹೋದಾಗ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಹಳೆಯ ಮಾತನ್ನು ನಾನೇ ಎತ್ತಿದೆ. ನಾನು ಮಾಡಿದ್ದು ತಪ್ಪು ಎಂದೆ. "ಬಿಡಿ ಸರ್, ಯಾವ ಕಾಲದ್ದು" ಎಂದ ಅವನು. ಸ್ವಲ್ಪ ಹೊತ್ತು ನನ್ನ ಮುಖ ನೋಡಲಿಲ್ಲ. ಆ ಸರಸ್ವತಿಯ ವೀಣೆಗೆ ತಾನು ಎಷ್ಟು ತಂತಿ ಬರೆದಿದ್ದೆ ಎಂಬುದು ಅವನಿಗೆ ಇನ್ನೂ ನೆನಪಿತ್ತು.

ಮೇಷ್ಟ್ರಾಗಿರುವವರಿಗೆ, ತಂದೆತಾಯಿಗಳಿಗೆ ನನ್ನದೊಂದು ಬೇಡಿಕೆ. ಮಕ್ಕಳು ನಕಲು ಮಾಡಿದ ಚಿತ್ರ ತಂದು ತೋರಿಸಿದರೆ ಹಾಳೆಯನ್ನು ಎಸೆಯಬೇಡಿ. ಯಾರದ್ದನ್ನು ನೋಡಿ ಬರೆದೆ ಎಂದು ಪ್ರೀತಿಯಿಂದ ಕೇಳಿ, ಆ ಹೆಸರನ್ನು ಹಾಳೆಯ ಹಿಂದೆ ಬರೆಸಿ. ಆಮೇಲೆ ಕೈಗೊಂದು ಅರಳಿ ಎಲೆ ಕೊಟ್ಟು, ಈಗ ಇದನ್ನು ನೋಡಿ ಬರಿ ಅನ್ನಿ.