ಹೆಸರೂ ಹೊಣೆಯೂ

ಹೆಸರಿಟ್ಟ ಮಾತ್ರಕ್ಕೆ ಒಂದು ಜೀವದ ಬೆಲೆ ಹೆಚ್ಚುವುದೆ? ಹೆಸರಿಲ್ಲದ ಮಾತ್ರಕ್ಕೆ ಅದರ ವಿಷಯದಲ್ಲಿ ನಮಗಿರುವ ಹೊಣೆ ಕಡಮೆಯಾಗುವುದೆ? ಮೇಲ್ನೋಟಕ್ಕೆ ಇದು ತಾರ್ಕಿಕರ ವಿನೋದದಂತೆ ತೋರಬಹುದು. ಆದರೆ ನಮ್ಮ ದಕ್ಷಿಣದ ಮಲೆಗಳಲ್ಲಿ ವಾಸಿಸುವ ಕೆಲವು ಸಣ್ಣ ಹಾಡುಹಕ್ಕಿಗಳ ಮಟ್ಟಿಗೆ ಇದು ಅಳಿವು ಉಳಿವಿನ ಪ್ರಶ್ನೆಯಾಗಿದೆ.

ಸಹ್ಯಾದ್ರಿಯ ದಕ್ಷಿಣಭಾಗದಲ್ಲಿ ನೀಲಗಿರಿ, ಆನೆಮಲೆ, ಪಳನಿ, ಅಶಂಬು ಮೊದಲಾದ ಉನ್ನತ ಪ್ರದೇಶಗಳುಂಟು. ದೊಡ್ಡಬೆಟ್ಟದ ಎತ್ತರ 2,637 ಮೀಟರು, ಆನೆಮುಡಿಯದು 2,695. ಅಲ್ಲಿನ ಹುಲ್ಲುಗಾವಲುಗಳ ನಡುವೆ, ನೀರು ಹರಿಯುವ ಮಡಿಕೆಗಳಲ್ಲಿ, ಗಿಡ್ಡಾಗಿ ದಟ್ಟವಾಗಿ ಬೆಳೆದ ಕಾಡುಗಳಿಗೆ ಶೋಲಾ ಎಂದು ಹೆಸರು. ಈ ತಂಪಿಗೆ ಒಗ್ಗಿದ ಹಕ್ಕಿಗೆ ಎರಡು ಮಲೆಗಳ ನಡುವಣ ಬಿಸಿಬಯಲು ಸಮುದ್ರಕ್ಕೆ ಸಮಾನವಾದುದು. ನೀಲಗಿರಿಗೂ ಆನೆಮಲೆಗೂ ನಡುವೆ ಪಾಲ್ಘಾಟಿನ ಅಗಲವಾದ ಕಣಿವೆ ಇದೆ. ಇನ್ನೂ ದಕ್ಷಿಣಕ್ಕೆ, ಅಶಂಬು ಬೆಟ್ಟಗಳನ್ನು ಬೇರ್ಪಡಿಸುವ ಶೆಂಕೋಟೆಯ ಕಣಿವೆ ಇದೆ. ಹೀಗೆ ಒಂದೊಂದು ಮಲೆಯೂ ಆಕಾಶದಲ್ಲಿ ತೇಲುವ ಒಂದೊಂದು ದ್ವೀಪದಂತಿದೆ.

ಈ ಶೋಲಾಗಳ ನೆಲದಲ್ಲಿ, ಪೊದೆಯ ಕತ್ತಲೆಯಲ್ಲಿ ಹುಳು ಹೆಕ್ಕುತ್ತ ತಿರುಗುವ, ಗುಬ್ಬಚ್ಚಿಯಷ್ಟೇ ಗಾತ್ರದ ಒಂದು ನೀಲಿ ಹಕ್ಕಿ ಉಂಟು. ನೀಲಗಿರಿಯದಕ್ಕೆ ಹೊಟ್ಟೆಯ ಪಕ್ಕಗಳು ಕೆಂಗಂದು. ಪಳನಿಯದಕ್ಕೆ ಹೊಟ್ಟೆ ಬಿಳುಪು. ಬಹುಕಾಲ ಇವೆರಡನ್ನೂ ಒಂದೇ ಪ್ರಭೇದವೆಂದೂ, ಹಿಮಾಲಯದ ಗಿಡ್ಡರೆಕ್ಕೆಯ ಹಕ್ಕಿಗಳ ಬಂಧುವೆಂದೂ ಎಣಿಸಿದ್ದರು. 2017ರಲ್ಲಿ ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮೊದಲಾದ ಸಂಶೋಧಕರು ವಂಶವಾಹಿಗಳನ್ನೂ ಮೈಯ ಅಳತೆಯನ್ನೂ ಹಾಡನ್ನೂ ಒಟ್ಟಿಗೆ ಪರೀಕ್ಷಿಸಿ ಈ ಎಣಿಕೆ ತಪ್ಪೆಂದು ತೋರಿಸಿದರು. ಈ ಹಕ್ಕಿಗಳು ನೊಣಹಿಡುಕಗಳ ಬಳಗಕ್ಕೆ ಸೇರಿದುವು. ಲಕ್ಷಾಂತರ ವರ್ಷಗಳಿಂದ ಮಲೆಯಿಂದ ಮಲೆಗೆ ಬೇರೆಬೇರೆಯಾಗಿಯೇ ಬಾಳಿಕೊಂಡು ಬಂದಿವೆ. ಇವುಗಳಿಗೆ 'ಶೋಲಿಕೋಲ' ಎಂಬ ಹೊಸ ಕುಲನಾಮವನ್ನು ಕೊಟ್ಟರು. ಶೋಲಾವಾಸಿ ಎಂದು ಅದರ ಅರ್ಥ. ನಗುವಂತೆ ಕೂಗುವ ಇನ್ನೊಂದು ಜಾತಿಯ ಮಲೆಹಕ್ಕಿಗಳಿಗೂ ಹೀಗೆಯೇ 'ಮಾಂಟಿಸಿಂಕ್ಲ' ಎಂಬ ಹೊಸ ಕುಲ ಏರ್ಪಟ್ಟಿತು.

ಇಂತಹ ನಿರ್ಣಯಗಳಲ್ಲಿ ಮುಖ್ಯ ಸಾಕ್ಷಿಯೆನಿಸಿರುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯವೆಂಬ ಕಣ. ಉಸಿರಾಟದ ಶಕ್ತಿಯನ್ನು ಒದಗಿಸುವ ಈ ಕಣಕ್ಕೆ ತನ್ನದೇ ಆದ ಒಂದು ಪುಟ್ಟ ವಂಶಲೇಖವಿದೆ. ಹಕ್ಕಿಗಳಲ್ಲಿ ಅದು ಸುಮಾರು 17,000 ಅಕ್ಷರಗಳಷ್ಟು ಉದ್ದ. ಸಾಮಾನ್ಯವಾಗಿ 37 ವಂಶವಾಹಿಗಳು. ಕೋಶಕೇಂದ್ರದ ಲೇಖವಾದರೋ ನೂರು ಕೋಟಿ ಅಕ್ಷರಗಳನ್ನು ಮೀರುವುದು. ಈ ಪುಟ್ಟ ಲೇಖ ಬೇಗ ಬೇಗ ಬದಲಾಗುವುದರಿಂದ, ಹತ್ತಿರದ ದಾಯಾದಿಗಳು ಯಾವಾಗ ಅಗಲಿದರೆಂಬುದನ್ನು ತಿಳಿಯಲು ಅದು ಬಹಳ ಅನುಕೂಲ. ಆದರೆ ಅದು ತಾಯಿಯಿಂದ ಮಾತ್ರವೇ ಮಕ್ಕಳಿಗೆ ಬರುತ್ತದೆ. ನಮ್ಮಲ್ಲಿ ಗೋತ್ರವು ತಂದೆಯ ಎಳೆಯನ್ನು ಹಿಡಿದರೆ, ತುಳುನಾಡಿನ ಅಳಿಯಸಂತಾನದಲ್ಲಿ ಕುಟುಂಬವು ತಾಯಿಯ ಎಳೆಯನ್ನು ಹಿಡಿಯುವುದಷ್ಟೆ. ಮೈಟೋಕಾಂಡ್ರಿಯದ ಲೆಕ್ಕ ಎರಡನೆಯದನ್ನು ಹೋಲುವುದು. ಒಂದು ಹಕ್ಕಿಗೆ ಹತ್ತು ತಲೆಮಾರಿನ ಹಿಂದೆ, ಒಬ್ಬರೇ ಎರಡು ಸಲ ಎಣಿಕೆಗೆ ಬಾರದಿದ್ದರೆ, 1,024 ಮಂದಿ ಪೂರ್ವಜರು. ಅವರಲ್ಲಿ ಮೈಟೋಕಾಂಡ್ರಿಯದ ಲೇಖವನ್ನು ಕೊಟ್ಟವಳು ಒಬ್ಬಳೇ. ಬೇರೆ ಬಳಗದ ಹೆಣ್ಣೊಂದು ಎಂದೋ ಬಂದು ಬೆರೆತಿದ್ದರೆ ಈ ಎಳೆ ಒಂದು ಕಥೆಯನ್ನೂ ಉಳಿದ ದೇಹವೆಲ್ಲ ಇನ್ನೊಂದು ಕಥೆಯನ್ನೂ ಹೇಳೀತು. ಆದುದರಿಂದಲೇ ವಿವೇಕಿಗಳಾದ ಸಂಶೋಧಕರು ಒಬ್ಬ ಸಾಕ್ಷಿಯ ಮಾತನ್ನು ಕೇಳಿ ತೀರ್ಪು ಕೊಡುವುದಿಲ್ಲ.

ಸಾಕ್ಷಿಗಳೆಲ್ಲ ಒಮ್ಮತವಾದರೂ ಒಂದು ತೊಡಕು ಉಳಿಯುತ್ತದೆ. ಕೂಡಿ ಸಂತಾನವನ್ನು ಪಡೆಯಬಲ್ಲ ಜೀವಿಗಳ ಸಮುದಾಯವೇ ಪ್ರಭೇದವೆಂದು ಅರ್ನ್ಸ್ಟ್ ಮಯರ್ ಎಂಬ ಪಂಡಿತರು 1942ರಲ್ಲಿ ಪ್ರತಿಪಾದಿಸಿದರು. ಎಂದಿಗೂ ಒಂದನ್ನೊಂದು ಸಂಧಿಸದ ಎರಡು ಮಲೆಗಳ ಹಕ್ಕಿಗಳಿಗೆ ಈ ಪರೀಕ್ಷೆಯನ್ನು ನಡಸುವುದೆಂತು? ಕವಲೊಡೆಯುವುದು ಪ್ರಕೃತಿಯ ಕೆಲಸ; ಯಾವ ಕವಲನ್ನು ಪ್ರಭೇದವೆನ್ನಬೇಕೆಂದು ಗೆರೆಯೆಳೆಯುವುದು ಮನುಷ್ಯನ ಕೆಲಸ. ಅಶಂಬುವಿನ ಶೋಲಿಕೋಲವನ್ನು 2017ರ ಸಂಶೋಧಕರು ಬೇರೆ ಪ್ರಭೇದವೆಂದರು. ಕೆಲವು ಪಟ್ಟಿಕಾರರು ಅದನ್ನು ಪಳನಿಯ ಹಕ್ಕಿಯ ಉಪಪ್ರಭೇದವೆಂದೇ ಬರೆದರು. ಪಂಡಿತರ ಪುಸ್ತಕದಲ್ಲಿ ಇದು ಒಂದು ಸಾಲಿನ ಭೇದ. ಆದರೆ ರಕ್ಷಣೆಯ ಪಟ್ಟಿಗಳು ಹೆಚ್ಚಾಗಿ ಪ್ರಭೇದಗಳ ಹೆಸರನ್ನೇ ಆಧರಿಸಿರುವುವು. ಅಶಂಬುವಿನ ಹಕ್ಕಿ ನಾಳೆ ಇಲ್ಲವಾದರೆ, ಒಂದು ಪಟ್ಟಿಯಲ್ಲಿ ಅದು 'ಸ್ವಲ್ಪ ಇಳಿಮುಖ' ಎಂದಾಗುವುದು. ಇನ್ನೊಂದರಲ್ಲಿ 'ನಿರ್ವಂಶ' ಎಂದಾಗುವುದು. ಸತ್ತ ಹಕ್ಕಿಗಳು ಮಾತ್ರ ಎರಡರಲ್ಲಿಯೂ ಅವೇ.

ಹಾಗಾದರೆ ಹೆಸರು ವ್ಯರ್ಥವೆಂದು ಹೇಳಬಹುದೆ? ಹೇಳಲಾಗದು. ಹೆಸರು ನಮ್ಮ ಕಣ್ಣನ್ನು ತೆರೆಯಿಸುತ್ತದೆ. ಯಾವ ಮಲೆಯ ಕಾಡು ಕೆಟ್ಟರೆ ಯಾವ ವಂಶ ಮುಗಿಯುವುದೆಂದು ತೋರಿಸಿಕೊಡುತ್ತದೆ. ಆದರೆ ಅದು ಹೊಣೆಯನ್ನು ಹುಟ್ಟಿಸುವುದಿಲ್ಲ, ಇದ್ದ ಹೊಣೆಯನ್ನು ತಿಳಿಸುತ್ತದೆ. ಮಗುವಿಗೆ ನಾಮಕರಣವಾಗುವುದು ಹನ್ನೆರಡನೆಯ ದಿನ. ಅಲ್ಲಿಯವರೆಗೆ ಹಾಲೂಡಿಸದೆ ಕಾದಿರುವ ತಾಯಿ ಉಂಟೆ? 2017ಕ್ಕೆ ಮೊದಲು ಈ ಹಕ್ಕಿಗಳು ಯಾವುವಾಗಿದ್ದುವೋ ಆಮೇಲೆಯೂ ಅವೇ ಆಗಿವೆ. ಬದಲಾದುದು ನಮ್ಮ ತಿಳಿವಳಿಕೆ.

ಇಲ್ಲಿ ಒಂದು ಆಕ್ಷೇಪಕ್ಕೆ ಸ್ಥಳವುಂಟು. "ಗೊತ್ತಿಲ್ಲದುದಕ್ಕೆಲ್ಲ ಹೊಣೆ ಹೊರುವುದಾದರೆ ಮನುಷ್ಯನು ಒಂದು ಮರವನ್ನೂ ಮುಟ್ಟುವಂತಿಲ್ಲ, ಮಲೆಯಲ್ಲಿ ದುಡಿದು ಉಣ್ಣುವವರ ಗತಿಯೇನು?" ಎಂದು ಕೇಳಬಹುದು. ಈ ಮಾತಿನಲ್ಲಿ ನ್ಯಾಯವಿದೆ. ಅವರ ಅನ್ನವನ್ನು ಕಿತ್ತು ಹಕ್ಕಿಯನ್ನು ಉಳಿಸೆಂದು ಹೇಳುವುದು ಧರ್ಮವಲ್ಲ. ಆದರೆ ಸಂಶಯವಿರುವಲ್ಲಿ ಅದರ ಭಾರವನ್ನು ಯಾರು ಹೊರಬೇಕೆಂಬುದನ್ನೂ ವಿಚಾರಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಚಹದ ತೋಟಗಳಿಗಾಗಿಯೂ, ಮುಂದೆ ನೀಲಗಿರಿಮರ, ವ್ಯಾಟಲ್ ಮೊದಲಾದ ಪರದೇಶದ ಮರಗಳಿಗಾಗಿಯೂ ಈ ಮಲೆಗಳ ಹುಲ್ಲುಗಾವಲೂ ಶೋಲಾಗಳೂ ಬಹಳವಾಗಿ ಬದಲಾದುವು. ತೋಟವನ್ನು ಹತ್ತು ವರ್ಷ ತಡಮಾಡಿ ಹಾಕಬಹುದು, ಬೇರೆಡೆ ಹಾಕಬಹುದು. ಕಡಿದ ಶೋಲಾ ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಮರಳಿ ಬರುವುದಿಲ್ಲ, ಮುಗಿದ ವಂಶವಂತೂ ಎಂದಿಗೂ ಬಾರದು. ತಿರುಗಿ ಸರಿಪಡಿಸಲಾಗದ ಕೆಲಸವನ್ನು ಮಾಡಹೊರಟವನೇ ತನ್ನಿಂದ ಹಾನಿಯಿಲ್ಲವೆಂದು ತೋರಿಸಬೇಕಲ್ಲದೆ, ಮಾತುಬಾರದ ಹಕ್ಕಿ ತಾನು ಬೇರೆ ಪ್ರಭೇದವೆಂದು ರುಜುವಾತು ಮಾಡುವಂತಾಗಬಾರದು.

ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ಹಿಂದೆ ಕಾಡು ಕಡಿದವರಲ್ಲಿ ಹೆಚ್ಚಿನವರು ಆ ಕ್ಷಮೆಗೆ ಅರ್ಹರೆಂದೇ ಇಟ್ಟುಕೊಳ್ಳೋಣ. ಒಂದೊಂದು ಮಲೆಯಲ್ಲಿಯೂ ನಾವು ಎಣಿಸದ ವಂಶಗಳು ಇರಬಹುದೆಂದು ಈ ನೀಲಿ ಹಕ್ಕಿಗಳಿಂದ ತಿಳಿದುಕೊಂಡ ಮೇಲೆ, ನಾವು ಅದೇ ಕ್ಷಮೆಯನ್ನು ಬೇಡುವುದು ನ್ಯಾಯವಾಗಲಾರದು.