ಯೋಗವೂ ಕ್ಷೇಮವೂ

ಕಾಗದದ ಮೊದಲ ಸಾಲಿನಲ್ಲಿಯೇ ಯೋಗಕ್ಷೇಮವನ್ನು ವಿಚಾರಿಸುವುದು ನಾಡಿನ ಹಿರಿಯರ ಪದ್ಧತಿಯಾಗಿತ್ತು. ಬರೆಯುವವರೂ ಓದುವವರೂ ಅದನ್ನು ಒಂದೇ ಪದವೆಂದು ಭಾವಿಸಿ ಮುಂದೆ ಸಾಗುತ್ತಿದ್ದರು. ಶಾಸ್ತ್ರಕಾರರಿಗೆ ಅವು ಎರಡು: ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಗ್ರಾಮದ ಏಳಿಗೆಯನ್ನು ಯಾವ ಮಾನದಿಂದ ಅಳೆಯಬೇಕೆಂಬ ಪ್ರಶ್ನೆ ಎದ್ದಿರುವ ಈ ಕಾಲದಲ್ಲಿ ಆ ವಿಭಾಗವನ್ನು ನೆನೆಯುವುದು ಯುಕ್ತವಾಗಿದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರವು ಕಾವೇರೀತೀರದ ಪುಣ್ಯಕ್ಷೇತ್ರ. ಅಲ್ಲಿಯೇ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯೂ ಇದೆ. ಹರಾಜಿನಲ್ಲಿ ಬಂದ ಹಣವು ಆದಾಯದ ಲೆಕ್ಕಕ್ಕೆ ಸೇರುತ್ತದೆ, ಸೇರತಕ್ಕದ್ದೇ. ಒಕ್ಕಲಮಕ್ಕಳು ಓದಿ ಮುಂದೆ ಬರುವುದಕ್ಕೂ ಅಂತಹ ಹಣವೇ ಬೇಕಷ್ಟೆ. ಆದರೆ ಸೊಪ್ಪನ್ನು ಹದಮಾಡುವ ಬ್ಯಾರನ್ನುಗಳ ಸೌದೆಗಾಗಿ ಉರುಳಿದ ಮರವಾಗಲಿ, ಒದ್ದೆ ಎಲೆಯನ್ನು ಮುರಿಯುವ ಕೂಲಿಯಾಳಿನ ಚರ್ಮದೊಳಕ್ಕೆ ನಿಕೋಟಿನ್ ಇಳಿದು ಉಂಟಾಗುವ ವಾಕರಿಕೆ ತಲೆಸುತ್ತುಗಳಾಗಲಿ ಆ ಲೆಕ್ಕದಲ್ಲಿ ನಷ್ಟವೆಂದು ಬರೆಯಲ್ಪಡುವುದಿಲ್ಲ. ಮರವು ನಿಂತಿದ್ದಾಗ ಸೊನ್ನೆ, ಸೌದೆಯಾಗಿ ಮಾರಾಟವಾದಾಗ ಆದಾಯ! ಯೋಗವು ಬರೆಯಲ್ಪಟ್ಟಿತು, ಕ್ಷೇಮವನ್ನು ಬರೆಯುವುದಕ್ಕೆ ಅಂಕಣವೇ ಇಲ್ಲ.

ಇದು ಹೊಸ ಆಕ್ಷೇಪವೇನೂ ಅಲ್ಲ. ರಾಷ್ಟ್ರೀಯ ಆದಾಯದ ಗಣನೆಯನ್ನು ರೂಪಿಸಿದವರಲ್ಲಿ ಪ್ರಮುಖನಾದ ಸೈಮನ್ ಕುಜ್ನೆಟ್ಸನೇ 1934ರಲ್ಲಿ, ಆ ಮೊತ್ತದಿಂದ ಜನಹಿತವನ್ನು ಊಹಿಸಲಾಗದೆಂದು ಅಮೆರಿಕದ ಶಾಸನಸಭೆಯನ್ನು ಎಚ್ಚರಿಸಿದ್ದನು. 1990ರಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯು ಆಯುಸ್ಸನ್ನೂ ವಿದ್ಯೆಯನ್ನೂ ಆದಾಯದ ಪಕ್ಕದಲ್ಲಿರಿಸಿತು. ಕರ್ನಾಟಕದಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ತೂಗಿ, 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ನಿರ್ಣಯಿಸಿತು. ಇವೆಲ್ಲವೂ ಉಪಕಾರಕವಾದ ಕಾರ್ಯಗಳೇ. ಆದರೂ ತಾಲ್ಲೂಕನ್ನು ಒಂದೇ ತಕ್ಕಡಿಯಲ್ಲಿಟ್ಟಾಗ ಒಂದು ಊರಿನ ಲಾಭದಲ್ಲಿ ಇನ್ನೊಂದು ಊರಿನ ನಷ್ಟವು ಅಡಗಿಹೋಗುವುದುಂಟು.

ಹಾಸನದ ಸಮೀಪದ ಗೊರೂರಿನಲ್ಲಿ ಹೇಮಾವತಿಯ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ನೀರು ನಾಲೆಗಳಲ್ಲಿ ಹರಿದು, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಸುರಂಗವನ್ನು ದಾಟಿ ತುಮಕೂರು ಸೀಮೆಯನ್ನೂ ಮುಟ್ಟಿತು. ನೀರು ಕಂಡ ಹೊಲಕ್ಕೆ ಅದು ನಿಜವಾದ ಯೋಗವೆಂಬುದರಲ್ಲಿ ಸಂದೇಹವಿಲ್ಲ. ಹಿನ್ನೀರಿನಲ್ಲಿ ಮುಳುಗಿದ ಊರುಗಳೂ ಹಲವು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಬಯಲಾಗುವುದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅವರು ವೆಚ್ಚಮಾಡುವ ಹಣವೂ ಜಿಲ್ಲೆಯ ಆದಾಯವೇ ಆಗುತ್ತದೆ!

ವರ್ತಕನು ಒಂದು ಅಂಗಡಿಯ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಬಹುದು, ಎರಡೂ ಅವನವೇ. ಆದರೆ ಮನೆ ಮುಳುಗಿದವನ ಅಳಲೂ ಪೈರು ಕಂಡವನ ಹರ್ಷವೂ ಒಂದೇ ಎದೆಯಲ್ಲಿ ಸೇರುವುದಿಲ್ಲ. ಹಾಗಿರಲು, ಅವೆರಡನ್ನೂ ಕೂಡಿ ಕಳೆಯುವ ಅಧಿಕಾರವನ್ನು ಗಣಿತಜ್ಞನಿಗೆ ಕೊಟ್ಟವರು ಯಾರು? ಅಣೆಕಟ್ಟು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ನಷ್ಟವು ಲಾಭದಲ್ಲಿ ಕರಗದೆ ಸಾಲವಾಗಿಯೇ ಉಳಿಯಬೇಕು ಎಂದಷ್ಟೇ.

ಹಿಂದಿನ ಹಳ್ಳಿಯಲ್ಲಿ ಕ್ಷೇಮವಿತ್ತು, ಹಣ ಬಂದು ಕೆಟ್ಟಿತು ಎನ್ನುವವರುಂಟು. ಇದು ಅರ್ಧಸತ್ಯ. ಕೆರೆ ತುಂಬಿದ್ದ ಕಾಲದಲ್ಲಿಯೂ ಊರ ಬಾವಿಯ ಹಗ್ಗವನ್ನು ಮುಟ್ಟುವ ಹಕ್ಕು ಊರಾಚೆಯ ಕೇರಿಗಿರಲಿಲ್ಲ. ಆ ಕೇರಿಯವರು ಕೂಲಿಯ ಹಣ ಹಿಡಿದು ಪಟ್ಟಣಕ್ಕೆ ಹೋದುದರಿಂದ ತಲೆಯೆತ್ತಿದ್ದರೆ, ಹಣವನ್ನು ಜರೆಯುವ ಬಾಯಿ ಸ್ವಲ್ಪ ಸಂಕೋಚಪಡಬೇಕು.

ಆದುದರಿಂದ ಅಳತೆಯು ಅಲ್ಲಿಂದಲೇ ಮೊದಲಾಗಲಿ. ಹೊಳೆನರಸೀಪುರದ ಆಸುಪಾಸಿನ ಯಾವುದೋ ಗ್ರಾಮಸಭೆಯಲ್ಲಿ ವರದಿಯನ್ನು ಓದುವ ಮುನ್ನ, ಕೊನೆಯ ಕೇರಿಯ ಮುದುಕಿಯನ್ನು ಕರೆದು ಕೇಳಬಹುದು: ಚೈತ್ರದಲ್ಲಿ ನಲ್ಲಿಗೆ ನೀರು ಬರುತ್ತದೆಯೆ? ಜ್ವರ ಬಂದ ರಾತ್ರಿ ಕದ ತಟ್ಟಿದರೆ ಯಾರು ತೆರೆಯುತ್ತಾರೆ? ಬೆಂಗಳೂರಿಗೆ ಹೋದ ಮಗ ವರ್ಷಕ್ಕೆ ಎಷ್ಟು ದಿನ ಮನೆಯಲ್ಲಿರುತ್ತಾನೆ? ಹೇಳಿದುದನ್ನು ಅವಳ ಮಾತಿನಲ್ಲಿಯೇ ಬರೆದುಕೊಂಡು, ಅನಂತರ ತಾಲ್ಲೂಕಿನ ಆದಾಯದ ಪಟ್ಟಿಯನ್ನು ಓದಲಿ.